ಮಂಗನ ಕಾಯಿಲೆಗೆ ಕೊರೊನಾ ಲೆಕ್ಕ ಹೊಂದುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ ಪತ್ರಿಕೆಗಳ ಮಲೆನಾಡು ಪುಟದಲ್ಲಿ ‘ಮಂಗನ ಕಾಯಿಲೆ ಉಲ್ಬಣ’ ಎಂಬ ತಲೆಬರಹ ಕಾಣಿಸಿಕೊಳ್ಳುವುದು ಹಳೆಯ ವಾಡಿಕೆ. ಕೊರೊನಾ ಬಂದು ಹೋದ ಮೇಲೆ ಆ ಸುದ್ದಿಗಳ ಭಾಷೆ ಮಾತ್ರ ಬದಲಾಗಿದೆ. ‘ಸೋಂಕಿತರ ಸಂಪರ್ಕಕ್ಕೆ ಬಂದವರು’, ‘ಒಬ್ಬರಿಂದ ಒಬ್ಬರಿಗೆ ಹರಡದಂತೆ’, ‘ಸಮೂಹ ಪ್ರತಿರೋಧ ಶಕ್ತಿ’ ಮುಂತಾದ ಮಾತುಗಳು ಈಗ ಮಂಗನ ಕಾಯಿಲೆಯ ವರದಿಗೂ ಬಂದು ಕೂತಿವೆ. ಕೊರೊನಾಕ್ಕೆ ಅವು ಸರಿಯಾಗಿದ್ದವು. ಮಂಗನ ಕಾಯಿಲೆಗೆ ಒಂದೂ ಹೊಂದುವುದಿಲ್ಲ. ಈ ವೈರಾಣು ಬರುವುದು ಕಾಡಿನ ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿ, ಮನುಷ್ಯನಿಂದ ಮನುಷ್ಯನಿಗೆ ದಾಟುವುದಿಲ್ಲ. ರೋಗಿಯ ಪಕ್ಕ ಕೂತು ಗಂಜಿ ಕುಡಿಸಿದರೆ ಬಾರದ ಕಾಯಿಲೆ, ಅವರು ದರಕು (ಕೊಟ್ಟಿಗೆಗೆ ಹಾಕುವ ಒಣ ತರಗೆಲೆ) ಗುಡಿಸಿ ತಂದ ಬೆಟ್ಟಕ್ಕೆ ನೀವೂ ಹೋದರೆ ಬರುತ್ತದೆ. ರೋಗಿಯನ್ನು ದೂರ ಇಟ್ಟು ಬೆಟ್ಟಕ್ಕೆ ಹೋಗಿಬರುವುದನ್ನು ಮುಂದುವರಿಸಿದರೆ ತಡೆಗಟ್ಟಿದ್ದು ಏನನ್ನು?

ರೋಗ ತಡೆಯುವ ಶಾಸ್ತ್ರದಲ್ಲಿ ಮೊದಲು ಕೇಳುವುದು ‘ಎಷ್ಟು ಜನರಿಗೆ ಬಂತು’ ಎಂದಲ್ಲ, ‘ಯಾವ ದಾರಿಯಲ್ಲಿ ಬಂತು’ ಎಂದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದಾಗ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಅದೇ ನಿಜವಾಗಿದ್ದರೆ ಸೊಳ್ಳೆಯ ಹಿಂದೆ ಬೀಳಬೇಕಿತ್ತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ವೈರಾಣುವನ್ನು ಬೇರ್ಪಡಿಸಿ ನೋಡಿದಾಗ ಅದು ಉಣುಗಿನಿಂದ ಬರುವ, ರಷ್ಯಾದ ಮಿದುಳು ಜ್ವರದ ಸಂಬಂಧಿ ಎಂದು ತಿಳಿಯಿತು. ಕೆಲಸದ ದಿಕ್ಕೇ ಬದಲಾಯಿತು. ವೈರಾಣು ಹೊರುವ ಜೀವಿ ಗೊತ್ತಾದ ಮೇಲೆ ಕಾಲ, ಜಾಗ, ಯಾರಿಗೆ ಅಪಾಯ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಕಾಲದ ವಿಷಯ ನೋಡಿ. ಹಿಮಫೈಸಾಲಿಸ್ ಸ್ಪಿನಿಗೆರಾ ಎಂಬ ಈ ಕಾಡು ಉಣುಗಿನ ದೊಡ್ಡ ಹುಳಗಳು ಮಳೆಗಾಲದಲ್ಲಿ ದನ, ಕಾಡುಕೋಣ, ಕಡವೆಗಳ ಮೈಗೆ ಹತ್ತಿ ರಕ್ತ ಕುಡಿಯುತ್ತವೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮಳೆ ಹಿಂದೆ ಸರಿದ ಮೇಲೆ ಆರು ಕಾಲಿನ ಮರಿಗಳು ಹೊರಬಂದು ಇಲಿ, ಮೂಗಿಲಿ, ಅಳಿಲು, ಮಂಗಗಳ ರಕ್ತ ಕುಡಿಯುತ್ತವೆ. ಆ ಪ್ರಾಣಿಯಲ್ಲಿ ವೈರಾಣು ಇದ್ದರೆ ಅದು ಮರಿಯ ಮೈ ಸೇರಿ, ಪೊರೆ ಕಳಚಿದ ಮೇಲೂ ಉಳಿಯುತ್ತದೆ. ಹೀಗೆ ಪೊರೆ ಬಿಟ್ಟ ಎಂಟು ಕಾಲಿನ ಎಳೆಯ ಉಣುಗು ಎಳ್ಳಿನ ಕಾಳಿಗಿಂತ ಚಿಕ್ಕದು. ಡಿಸೆಂಬರಿನಿಂದ ಮೇವರೆಗೆ ತರಗೆಲೆಯಲ್ಲಿ ಕಾದು ಕೂತು ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಇದೇ. ದನದ ಕಿವಿಯಲ್ಲಿ ಜೋತುಬಿದ್ದ ಹುಣಸೆ ಬೀಜದಂಥ ಉಣುಗನ್ನು ನೋಡಿ ಹೆದರುವವರು, ತಮ್ಮ ಮೊಣಕಾಲ ಹಿಂದೆ ಕೂತ ಕೊಳೆಯ ಚುಕ್ಕೆಯನ್ನು ಗಮನಿಸುವುದಿಲ್ಲ. ಅದು ಕಚ್ಚಿದಾಗ ನೋವೂ ಆಗುವುದಿಲ್ಲ.

ಇನ್ನು ಜಾಗ. ಕಾಯಿಲೆ ಬಿದ್ದ ಮಂಗದ ಮೈಮೇಲೆ ಮರಿ ಉಣುಗು ರಾಶಿ ಇರುತ್ತವೆ. ಮಂಗ ಸತ್ತು ಮೈ ತಣ್ಣಗಾದಂತೆ ಅವು ಇಳಿದು ಅಲ್ಲೇ ಸುತ್ತ ಎಲೆಗಳಡಿ ಸೇರುತ್ತವೆ, ಅಲ್ಲೇ ಪೊರೆ ಬಿಡುತ್ತವೆ. ಹಾಗಾಗಿ ಮಂಗ ಬಿದ್ದ ಜಾಗವು ಹೆಣ ಸುಟ್ಟು ಬೂದಿಯಾದ ಮೇಲೂ ವಾರಗಟ್ಟಲೆ ಅಪಾಯದ ತಾಣ. ಆ ಸುತ್ತಳತೆಗೆ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಎರಚುವುದು ಈ ಕಾರಣಕ್ಕೆ. ಇಡೀ ಊರಿನ ಚರಂಡಿಗೆ ಹೊಗೆ ಹಾಕುವುದರಿಂದ ಆಗುವುದು ಫೋಟೊ ಮಾತ್ರ, ಸಾಯುವುದು ಒಂದಿಷ್ಟು ಸೊಳ್ಳೆ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸುಡಲು ಹೋದ ಅರಣ್ಯ ಸಿಬ್ಬಂದಿಗೇ ಕಾಯಿಲೆ ಬಂತು. ಶಿವಮೊಗ್ಗದ ಕಾಯಿಲೆ ಎಂದುಕೊಂಡಿದ್ದದ್ದು ಅಷ್ಟು ದೂರ ಕಾಣಿಸಿಕೊಂಡ ಮೇಲೆ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗಗಳ ಹೆಸರೂ ಪಟ್ಟಿಗೆ ಸೇರಿತು.

ಆದ್ದರಿಂದ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಬೇಡಿ, ಹತ್ತಿರ ಹೋಗಿ ಕೈ ಮುಗಿಯಲೂ ಬೇಡಿ. ದೂರದಿಂದಲೇ ಮೊಬೈಲ್‌ನಲ್ಲಿ ಚಿತ್ರ ತೆಗೆದು, ಜಾಗದ ಗುರುತಿನ ಸಮೇತ ಪಂಚಾಯಿತಿಗೋ ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ಅದೇ ದಿನ ಕಳಿಸಿ. ತಡವಾದರೆ ಹೆಣ ಕೊಳೆತು, ಪಶುವೈದ್ಯರು ಮಾದರಿ ತೆಗೆದರೂ ಪ್ರಯೋಗಾಲಯದಲ್ಲಿ ಏನೂ ಸಿಗದೇ ಹೋಗಬಹುದು. ಆಗ ‘ನೆಗೆಟಿವ್’ ಎಂದು ಬರುವ ಫಲಿತಾಂಶಕ್ಕೆ ‘ವೈರಾಣು ಇರಲಿಲ್ಲ’ ಎಂಬ ಅರ್ಥವಿಲ್ಲ. ಹಾಗೆಯೇ ‘ಈ ವರ್ಷ ನಮ್ಮಲ್ಲಿ ಮಂಗ ಸತ್ತಿಲ್ಲ’ ಎಂಬ ಮಾತಿಗೂ ಸಮಾಧಾನಪಡಬೇಕಿಲ್ಲ. ದಟ್ಟ ಕಾಡಿನೊಳಗೆ ಸತ್ತದ್ದು ಯಾರ ಕಣ್ಣಿಗೆ ಬೀಳುತ್ತದೆ? ಹುಡುಕದೆ ಸಿಗಲಿಲ್ಲ ಎನ್ನುವುದು ಬೇರೆ, ಹುಡುಕಿ ಸಿಗಲಿಲ್ಲ ಎನ್ನುವುದು ಬೇರೆ. ಬಿಳಿ ಫ್ಲಾನೆಲ್ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದು, ಅಂಟಿದ ಉಣುಗುಗಳನ್ನು ಆರಿಸಿ ಪರೀಕ್ಷೆಗೆ ಕಳಿಸುವ ಹಳೆಯ ವಿಧಾನ ಇಂದಿಗೂ ನಂಬಿಕೆಯದ್ದು. ಅದು ಮನುಷ್ಯರಿಗೆ ಜ್ವರ ಬರುವ ಮುಂಚೆಯೇ ಸುಳಿವು ಕೊಡಬಲ್ಲದು.

ಯಾರಿಗೆ ಬರುತ್ತದೆ ಎಂಬುದಕ್ಕೆ ಉತ್ತರ ಕೊಟ್ಟಿಗೆಯಲ್ಲಿದೆ. ದರಕು ಉದುರುವ ಕಾಲವೂ ಎಳೆ ಉಣುಗಿನ ಕಾಲವೂ ಒಂದೇ. ಬೆಟ್ಟದಲ್ಲಿ ಗುಡಿಸಿ, ಬುಟ್ಟಿಗೆ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹರಡುವವರು ಉಣುಗನ್ನು ಕೂದಲಿನಿಂದ ಹಿಡಿದು ಅಂಗಳದವರೆಗೆ ಹೊತ್ತು ತರುತ್ತಾರೆ. ಕಾಡು ಕಾಣದ ಅಜ್ಜಿಗೂ ಕಾಯಿಲೆ ಬಂದರೆ ‘ಮನೆಯವರಿಂದ ಅಂಟಿತು’ ಎನ್ನುತ್ತಾರೆ. ಮನೆಯವರಿಂದಲ್ಲ, ಮನೆಗೆ ಬಂದ ದರಕಿನಿಂದ. ‘ಬೆಟ್ಟಕ್ಕೆ ಹೋಗಬೇಡಿ’ ಎಂದು ಕರಪತ್ರ ಹಂಚುವುದು ಸುಲಭ. ಗೊಬ್ಬರಕ್ಕೂ ಒಲೆಗೂ ಬೆಟ್ಟವನ್ನೇ ನಂಬಿದವರಿಗೆ ಆ ಸಲಹೆ ಎರಡು ದಿನವೂ ಬಾಳುವುದಿಲ್ಲ. ಮಂಗ ಸತ್ತ ಕಡೆಯ ದರಕನ್ನು ಆ ವರ್ಷಕ್ಕೆ ಪೂರ್ತಿ ಬಿಡಿ, ಕೊಟ್ಟಿಗೆಗೆ ಭತ್ತದ ಹುಲ್ಲೋ ಅಡಿಕೆ ಸಿಪ್ಪೆಯೋ ಹಾಕಿ ಎಂದರೆ ಪಾಲಿಸಬಹುದು. ದನದ ಮೈಯಲ್ಲಿ ಈ ವೈರಾಣು ಹೆಚ್ಚು ಬೆಳೆಯುವುದಿಲ್ಲ, ಆದರೆ ಉಣುಗು ಹೆಚ್ಚುವುದೇ ದನದಿಂದ. ಕಾಡಿಗೆ ಮೇಯಲು ಬಿಡುವ ದನಗಳಿಗೆ ಪಶುವೈದ್ಯರ ಸಲಹೆಯಂತೆ ಉಣುಗಿನ ಔಷಧ ಹಾಕಿಸುವುದು ಮುಂದಿನ ಬೇಸಿಗೆಯ ಲೆಕ್ಕಕ್ಕೆ ಜಮೆ.

ಬೆಟ್ಟಕ್ಕೆ ಹೋಗಲೇಬೇಕಾದವರಿಗೆ ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಇದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ್ದು, ಮೊದಲು ಕೊಡುತ್ತಿದ್ದ ಡಿಎಂಪಿ ಎಣ್ಣೆಯ ಜಾಗಕ್ಕೆ ಬಂದಿದೆ. ಇದನ್ನು ಕೈಗೆ ಮಾತ್ರ ಸವರಿಕೊಂಡು ಹೋಗುವವರೇ ಹೆಚ್ಚು. ಉಣುಗು ಹತ್ತುವುದು ಕಾಲಿನಿಂದ. ಪಾದ, ಹಿಮ್ಮಡಿ, ಮೀನಖಂಡ, ಮೊಣಕಾಲಿನ ಹಿಂಭಾಗದಿಂದ ಶುರುಮಾಡಿ ಕೈ, ಕುತ್ತಿಗೆಗೆ ಬರಬೇಕು. ಕಣ್ಣು, ತುಟಿ, ಗಾಯ ಬಿಡಬೇಕು. ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೆ ಬಾಳುವುದಿಲ್ಲ, ಬೆವರಿದಂತೆ ಇಳಿಯುತ್ತದೆ. ಮಧ್ಯಾಹ್ನದ ಬುತ್ತಿಯ ಜೊತೆ ಬಾಟಲಿಯೂ ಹೋಗಲಿ. ಮನೆಗೆ ಬಂದ ತಕ್ಷಣ ಬಟ್ಟೆಯನ್ನು ಅಂಗಳದಲ್ಲೇ ಕಳಚಿ ಕುದಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಬೇಕು. ಆಮೇಲೆ ಕಂಕುಳು, ತೊಡೆಸಂದು, ಸೊಂಟದ ದಾರದ ಕೆಳಗೆ, ಕಿವಿಯ ಹಿಂದೆ ಇನ್ನೊಬ್ಬರಿಂದ ನೋಡಿಸಿಕೊಳ್ಳಬೇಕು. ಕಚ್ಚಿ ಕೂತಿದ್ದರೆ ಸೀಮೆಎಣ್ಣೆ, ಸುಣ್ಣ, ಬೀಡಿಯ ಬೆಂಕಿ ಯಾವುದೂ ಬೇಡ. ಚಿಮಟಿಗೆಯಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಉಗುರಿನಿಂದ ಕುಕ್ಕಿ ಒಡೆಯಬಾರದು. ಜಾಗವನ್ನು ಸೋಪಿನಿಂದ ತೊಳೆಯಿರಿ.

ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಏಕಾಏಕಿ ಏರುತ್ತದೆ. ಹಣೆ ಸಿಡಿತ, ಸೊಂಟ ಮತ್ತು ಮೀನಖಂಡದ ಸ್ನಾಯುಗಳಲ್ಲಿ ತಡೆಯಲಾಗದ ನೋವು, ಕೆಂಗಣ್ಣು, ವಾಂತಿ. ಕೆಲವರಿಗೆ ಒಸಡು, ಮೂಗಿನಿಂದ ರಕ್ತ. ಪ್ಲೇಟ್‌ಲೆಟ್ ಇಳಿದದ್ದು ಕಂಡು ‘ಡೆಂಗಿ’ ಎಂದು ಬರೆದುಬಿಡುವುದು ಇಲ್ಲಿ ನಡೆಯುವ ಸಾಮಾನ್ಯ ತಪ್ಪು. ಫೆಬ್ರುವರಿಯ ಒಣ ಬಿಸಿಲಲ್ಲಿ ಕಾಡಂಚಿನವರಿಗೆ ಜ್ವರ ಬಂದರೆ ಮೊದಲು ಮಂಗನ ಕಾಯಿಲೆಯನ್ನು ನೆನೆಯಬೇಕು. ಮೊದಲ ವಾರದಲ್ಲಿ ರಕ್ತದಲ್ಲಿ ವೈರಾಣುವೇ ಸಿಗುವುದರಿಂದ ಆರ್‌ಟಿ-ಪಿಸಿಆರ್, ಆಮೇಲೆ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಹದಿನೈದನೇ ದಿನ ಪಿಸಿಆರ್ ಮಾಡಿಸಿ ‘ಏನಿಲ್ಲ’ ಎಂದರೆ ಅದು ದಿನ ತಪ್ಪಿದ ಪರೀಕ್ಷೆ. ವೈರಾಣು ಕೊಲ್ಲುವ ಔಷಧ ಇಲ್ಲ. ನೀರಿನಂಶ, ಪ್ಯಾರಸಿಟಮಾಲ್, ರಕ್ತಸ್ರಾವದ ಮೇಲೆ ನಿಗಾ ಇವಿಷ್ಟೇ ಚಿಕಿತ್ಸೆ. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಮುಟ್ಟಬಾರದು. ಜ್ವರ ಬಿಟ್ಟಿತೆಂದು ಮನೆಗೆ ಬಂದವರಲ್ಲಿ ಹತ್ತರಲ್ಲಿ ಒಬ್ಬಿಬ್ಬರಿಗೆ ಒಂದೆರಡು ವಾರದ ಮೇಲೆ ಮತ್ತೆ ಜ್ವರ, ಜೊತೆಗೆ ಕತ್ತು ಬಿಗಿತ, ನಡುಕ, ಗೊಂದಲ ಬರುವುದುಂಟು.

ಈಗ ಅಂಕಿಯ ವಿಷಯ. ಈ ಕಾಯಿಲೆಯಲ್ಲಿ ನೂರು ರೋಗಿಗಳಿಗೆ ಮೂರರಿಂದ ಐದು ಸಾವು ಎನ್ನುತ್ತಾರೆ. ಒಂದು ಹೋಬಳಿಯಲ್ಲಿ 20 ಜನರಿಗೆ ಕಾಯಿಲೆ ಖಚಿತಪಟ್ಟು, ಅವರಲ್ಲಿ ಇಬ್ಬರು ತೀರಿಕೊಂಡರೆ ‘ಸಾವಿನ ಪ್ರಮಾಣ ಶೇ 10ಕ್ಕೆ ಏರಿಕೆ’ ಎಂದು ಬರೆಯುತ್ತಾರೆ. ಅಲ್ಲಿ ವೈರಾಣು ಉಗ್ರವಾಗಿದೆ ಎಂದೇ ಅರ್ಥವಲ್ಲ. ಹಗುರ ಜ್ವರದವರು ಪರೀಕ್ಷೆಗೇ ಬಂದಿರದೇ ಇರಬಹುದು. ಭಾಗಿಸುವ ಸಂಖ್ಯೆ ಹೇಳದೆ ಶೇಕಡಾ ಹೇಳಿದರೆ ಓದುಗರಿಗೆ ಸಿಗುವುದು ಹೆದರಿಕೆ ಮಾತ್ರ. ಪರೀಕ್ಷೆ ದುಪ್ಪಟ್ಟಾದ ವಾರ ಪ್ರಕರಣ ಏರುವುದೂ ಇದೇ ಜಾತಿಯದ್ದು.

ಲಸಿಕೆಯ ಸುದ್ದಿಯಲ್ಲಂತೂ ಈ ತಪ್ಪು ದುಬಾರಿಯಾಯಿತು. 2005–2010ರ ಅಂಕಿಅಂಶ ಆಧರಿಸಿದ ಅಧ್ಯಯನವೊಂದು ಹಳೆಯ ಲಸಿಕೆಯ ಎರಡು ಡೋಸ್‌ಗೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಕಂಡಿತ್ತು. ಲೆಕ್ಕಕ್ಕೆಂದು 1,000 ಜನರ ಊರು ಇಟ್ಟುಕೊಳ್ಳಿ. 800 ಜನ ಎರಡು ಡೋಸ್ ಪಡೆದಿದ್ದಾರೆ, 200 ಜನ ಪಡೆದಿಲ್ಲ. ಪಡೆಯದವರಲ್ಲಿ ನೂರಕ್ಕೆ ಐವರಂತೆ 10 ಜನರಿಗೆ ಕಾಯಿಲೆ. ಪಡೆದವರಲ್ಲಿ ಅಪಾಯ ಶೇ 62ರಷ್ಟು ಕಡಿಮೆ, ಅಂದರೆ ನೂರಕ್ಕೆ 1.9ರಂತೆ 800ಕ್ಕೆ ಸುಮಾರು 15 ಜನ. ಮರುದಿನ ತಲೆಬರಹ: ‘25 ರೋಗಿಗಳಲ್ಲಿ 15 ಮಂದಿ ಲಸಿಕೆ ಪಡೆದವರೇ!’ ಅಂಕಿ ಸರಿ, ಓದುವ ರೀತಿ ತಲೆಕೆಳಗು. ಆ 800 ಜನ ಲಸಿಕೆ ಪಡೆಯದಿದ್ದರೆ ಅವರಲ್ಲೇ 40 ರೋಗಿಗಳಿರುತ್ತಿದ್ದರು. ಮುಂದಿನ ವರ್ಷಗಳಲ್ಲಿ ಆ ಲಸಿಕೆಯ ರಕ್ಷಣೆ ಸಾಲದೆಂದು ಕಂಡು 2022ರ ನಂತರ ಅದರ ಬಳಕೆ ನಿಂತಿದೆ, ಅದು ಬೇರೆ ಮಾತು ಮತ್ತು ಸರಿಯಾದ ಪರಿಶೀಲನೆಯಿಂದ ಬಂದ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊಸ ಲಸಿಕೆಯ ಕೆಲಸದಲ್ಲಿದೆ. ಅದು ಬಂದಾಗಲೂ ‘ಊರಲ್ಲಿ ಮುಕ್ಕಾಲು ಜನ ಹಾಕಿಸಿಕೊಂಡರೆ ಉಳಿದವರೂ ಬಚಾವು’ ಎಂಬ ಕೊರೊನಾ ಕಾಲದ ವಾದ ಇಲ್ಲಿ ನಡೆಯದು. ಆ ವಾದ ನಿಲ್ಲುವುದು ಮನುಷ್ಯರ ನಡುವೆ ಹರಡುವ ರೋಗದಲ್ಲಿ. ನೆರೆಯವನ ತೋಳಿಗೆ ಚುಚ್ಚಿದ ಲಸಿಕೆ ನಿಮ್ಮ ಕಾಲಿಗೆ ಹತ್ತಿದ ಉಣುಗನ್ನು ತಡೆಯುವುದಿಲ್ಲ.

ಪತ್ರಿಕೆಗಳಲ್ಲಿ ಕೋರಿಕೆ ಇಷ್ಟು. ಪ್ರಕರಣಗಳ ಸಂಖ್ಯೆಯ ಪಕ್ಕದಲ್ಲಿ ಎಷ್ಟು ಜನರನ್ನು ಪರೀಕ್ಷಿಸಲಾಯಿತು ಎಂದು ಹಾಕಿ. ಮಂಗ ಸತ್ತ ಸುದ್ದಿಯಲ್ಲಿ ಗ್ರಾಮದ ಹೆಸರು ಸಾಲದು, ಬೆಟ್ಟ ಅಥವಾ ಕಾಡಿನ ಭಾಗ ಮತ್ತು ದಿನಾಂಕ ಬೇಕು. ದರಕಿಗೆ ಹೊರಟವರಿಗೆ ಉಪಯೋಗಕ್ಕೆ ಬರುವುದು ಅದೇ. ರೋಗಿಯ ಹೆಸರು, ಮನೆಯ ಗುರುತು ಯಾರಿಗೂ ಉಪಯೋಗಕ್ಕಿಲ್ಲ. ಮತ್ತೆ, ಎಂಪಾಕ್ಸ್‌ಗೆ ‘ಮಂಗನ ಸಿಡುಬು’ ಎಂದು ಬರೆಯುವವರು ಒಳಪುಟದಲ್ಲಿ ಅದನ್ನೇ ‘ಮಂಗನ ಕಾಯಿಲೆ’ ಮಾಡಿಬಿಡುತ್ತಾರೆ. ಒಂದು ಮೈ ತಾಗಿ ಬರುವ ಬೊಬ್ಬೆಯ ರೋಗ, ಇನ್ನೊಂದು ಉಣುಗು ಕಚ್ಚಿ ಬರುವ ಜ್ವರ. ಎರಡನ್ನೂ ಒಂದೇ ಮಾಡಿದ ದಿನ ಹಳ್ಳಿಯಲ್ಲಿ ರೋಗಿಯ ಮನೆಗೆ ಹಾಲು ಕೊಡುವುದು ನಿಲ್ಲುತ್ತದೆ, ದರಕು ತರುವುದು ನಿಲ್ಲುವುದಿಲ್ಲ.

– ಸಮುದಾಯ ಆರೋಗ್ಯ ವಿಭಾಗದ ವೈದ್ಯರ ಬಳಗ, ಮಲೆನಾಡು