ಭಾನುವಾರದ ಸಭೆ: ಯಾವ ಪಾತ್ರಕ್ಕೆ ಎಷ್ಟು ದೃಶ್ಯ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಸೇರೋಣ. ಕಥೆ ಬರೆಯುವವರು, ಎಡಿಟಿಂಗ್ ಮಾಡುವವರು ತಪ್ಪದೆ ಬನ್ನಿ. ಕಲಾವಿದರೂ ಬಂದರೆ ಇನ್ನೂ ಒಳ್ಳೆಯದು.

ನಮ್ಮ ಧಾರಾವಾಹಿಯಲ್ಲಿ 16 ಪಾತ್ರಗಳಿವೆ. ಒಂದು ಕಂತು 22 ನಿಮಿಷ, ಹೆಚ್ಚೆಂದರೆ 8 ದೃಶ್ಯ. ಎಲ್ಲರನ್ನೂ ದಿನಾ ತೋರಿಸೋಕೆ ಆಗುವುದಿಲ್ಲ, ನಿಜ. ಆದರೆ ಅತ್ತೆ-ಸೊಸೆ ಜಗಳವೇ 6 ದೃಶ್ಯ ನುಂಗಿದರೆ ಉಳಿದವರು ಹಾಲ್‌ನಲ್ಲಿ ಸುಮ್ನೆ ನಿಂತಿರಬೇಕು, ಅಲ್ವಾ? ಸಕಲೇಶಪುರದ ತೋಟದ ಚಿಕ್ಕಪ್ಪ 11 ಕಂತುಗಳಿಂದ ಕಾಣಿಸಿಲ್ಲ. ಅವರ ಸಾಲದ ಕಥೆ ಶುರು ಮಾಡಿದ್ದು ನಾವೇ. ಆ ಪಾತ್ರ ಮಾಡುವವರು ಬಸ್ಸು ಹತ್ತಿ ಬಂದು, ಮೇಕಪ್ ಹಾಕಿಕೊಂಡು, ಸಂಜೆವರೆಗೆ ಕಾದು ವಾಪಸ್ ಹೋದರು. ನನಗೆ ತುಂಬಾ ಬೇಜಾರಾಯಿತು.

ನನ್ನ ಸಲಹೆ: ಕಂತಿಗೆ ಒಂದು ಮುಖ್ಯ ಕಥೆ, ಎರಡು ಉಪಕಥೆ. ಯಾವ ಪಾತ್ರವೂ 5 ಕಂತಿಗಿಂತ ಜಾಸ್ತಿ ಮರೆಯಾಗಬಾರದು. ಹಬ್ಬ, ಮದುವೆ ದೃಶ್ಯಗಳಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಬದಲು ಇಬ್ಬಿಬ್ಬರನ್ನು ಅಡುಗೆಮನೆಗೋ ಜಗಲಿಗೋ ಕಳಿಸಿ ಮಾತಾಡಿಸೋಣ.

ಬರುವ ಮೊದಲು ಕಳೆದ 10 ಕಂತು ನೋಡಿ, ಯಾರಿಗೆ ಎಷ್ಟು ದೃಶ್ಯ ಸಿಕ್ಕಿದೆ ಅಂತ ಹಾಳೆಯಲ್ಲಿ ಬರೆದು ತನ್ನಿ. ಶೂಟಿಂಗ್‌ಗೆ ಬರಲಾಗದ ದಿನಗಳಿದ್ದರೆ ತಾರೀಖು ಇಲ್ಲೇ ಹಾಕಿ. ಸಭೆಗೆ ಬರುತ್ತೀರೋ ಇಲ್ಲವೋ, ದಯವಿಟ್ಟು ಶುಕ್ರವಾರ ರಾತ್ರಿಯೊಳಗೆ ತಿಳಿಸಿ.