ಕೊನೆ ಭಾಗದ ಗೇಜ್ ಲೆಕ್ಕ ದಿನಾಲೂ ಹೊರಗೆ ಬರಲಿ

ಮಾನ್ಯ ಸಂಪಾದಕರೇ,

ತುಂಗಭದ್ರಾ ಡ್ಯಾಮಿನ ಗೇಟುಗಳ ಬಗ್ಗೆ ಈಚೆಗೆ ಸಾಕಷ್ಟು ಮಾತಾಗಿದೆ. ಆಗಬೇಕಾದದ್ದೇ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ಈ ಭಾಗದ ರೈತರೆಲ್ಲ ನಿದ್ದೆಗೆಟ್ಟಿದ್ದರು. ಹರಿಯುವ ನೀರಿನಲ್ಲೇ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಕೂರಿಸಿದ ತಂತ್ರಜ್ಞರನ್ನೂ ಕಾರ್ಮಿಕರನ್ನೂ ನಾವು ಮರೆಯುವುದಿಲ್ಲ. ಆ ವರ್ಷ ಮಳೆಯೂ ಕೈಹಿಡಿಯಿತು, ಡ್ಯಾಮ್ ಮತ್ತೆ ತುಂಬಿತು. ಮರುವರ್ಷ ಹಳೇ ಗೇಟುಗಳನ್ನು ನಂಬಿ ಪೂರ್ತಿ ತುಂಬಿಸುವುದು ಬೇಡವೆಂದು ನೀರನ್ನು 80 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಆಸುಪಾಸಿನಲ್ಲಿ ನಿಲ್ಲಿಸಿದರು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ, ಅಂದರೆ ಬೇಸಿಗೆ ಬೆಳೆಗೆ, ನೀರಿಲ್ಲ ಎಂದೂ ತೀರ್ಮಾನವಾಯಿತು. ಡ್ಯಾಮಿನ 33 ಗೇಟೂ ಬದಲಾಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರುವ ನಮ್ಮಂಥವರಿಗೆ ಗೇಟು ಗಟ್ಟಿ ಇದ್ದ ವರ್ಷಗಳಲ್ಲೂ ನೀರು ಸರಿಯಾಗಿ ಮುಟ್ಟಿಲ್ಲ. ಡ್ಯಾಮ್ ತುಂಬಿ ಕೋಡಿ ಹರಿದ ವರ್ಷವೂ ನಮ್ಮ ಉಪಕಾಲುವೆಯಲ್ಲಿ ಮಣ್ಣು ಬಿರುಕು ಬಿಟ್ಟಿದ್ದುಂಟು. ಕೊನೆ ಭಾಗದ ಗೇಜ್, ಅಂದರೆ ಕಾಲುವೆಯಲ್ಲಿ ನೀರು ಎಷ್ಟು ಅಡಿ ಇದೆ ಅನ್ನೋ ಅಳತೆ, ದಿನಾಲೂ ಹೊರಗೆ ಬರಲಿ ಎಂದು ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ. ಡ್ಯಾಮಿನ ಪಕ್ಕದ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರು ಕಡೆಗೆ ಬರುತ್ತದೆ. ಇದರಡಿ ಸುಮಾರು 6 ಲಕ್ಷ ಎಕರೆ ಅಚ್ಚುಕಟ್ಟು, ಅಂದರೆ ಕಾಲುವೆ ನೀರು ಸಿಗಬೇಕಾದ ಭೂಮಿ, ಇದೆ ಎಂದು ಕಾಗದದಲ್ಲಿದೆ. ಕಾಲುವೆಗೆ ಪೂರ್ತಿ ಬಿಟ್ಟರೆ 4,100 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ). ಅಂದರೆ ಮೂರು ದಿನಕ್ಕೆ ಒಂದು ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ಮುನಿರಾಬಾದಿನಲ್ಲಿ ಇಷ್ಟು ಬಿಟ್ಟೆವು ಎಂದು ಬರೆದಿಟ್ಟರೆ ಸರ್ಕಾರದ ಕೆಲಸ ಮುಗಿಯಿತು ಅನ್ನೋ ಹಾಗೆ ನಡೆದುಕೊಂಡು ಬಂದಿದೆ. ಕಾಲುವೆಯ ತಲೆಯಿಂದ 69ನೇ ಮೈಲಿನಲ್ಲಿ ಎಷ್ಟು ಅಡಿ ನೀರು ನಿಂತಿದೆ, 104ನೇ ಮೈಲಿಗೆ ಎಷ್ಟು ಬಂತು ಅನ್ನೋದು ನಮಗೆ ಗೊತ್ತಾಗುವುದು ಧರಣಿ ಕೂತಾಗ ಮಾತ್ರ.

ನಮ್ಮ ವಿತರಣಾ ಕಾಲುವೆಯ ತಲೆಯಲ್ಲಿ ಒಂದು ಗೇಜ್ ಪಟ್ಟಿ ಇದೆ. ಸಿಮೆಂಟ್ ಗೋಡೆಗೆ ಬಿಳಿ ಬಣ್ಣ ಬಳಿದು ಕಪ್ಪಿನಲ್ಲಿ ಅಡಿ ಗುರುತು ಹಾಕಿದ್ದಾರೆ. ಕೆಳಗಿನ ಒಂದೂವರೆ ಅಡಿ ತನಕ ಪಾಚಿ ಕಟ್ಟಿ ಅಂಕಿ ಅಳಿಸಿಹೋಗಿದೆ. ಅದರ ಮೇಲಿನ ಅಂಕಿಗಳು ಮಾತ್ರ ನಿನ್ನೆ ಬರೆದಷ್ಟು ಸ್ವಚ್ಛವಾಗಿವೆ. ನೀರು ಎಲ್ಲಿಯ ತನಕ ಏರುತ್ತದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಆ ಗೋಡೆ ನೋಡಿದರೆ ಸಾಕು. ಒಂದೂವರೆ ಅಡಿ ನೀರಿಗೆ ನಮ್ಮ ತೂಬುಗಳ ಬಾಯಿ ಸಿಗುವುದೇ ಇಲ್ಲ. ನೀರು ಕಾಲುವೆ ತಳದಲ್ಲಿ ಹರಿದು ಹೋಗುತ್ತದೆ, ಹೊಲಕ್ಕೆ ಹತ್ತುವುದಿಲ್ಲ. ಫೋನ್ ಮಾಡಿದರೆ ಬರುವ ಉತ್ತರ ಒಂದೇ: "ಮ್ಯಾಲಿಂದ ಬಿಟ್ಟೀವ್ರೀ, ನಾಳೆ ಮುಟ್ತದ." ಮೆಣಸಿನ ಗಿಡ ಹೂವು ಕಟ್ಟಿದಾಗ ಒಂದು ನೀರು ತಪ್ಪಿದರೆ ಹೂವೆಲ್ಲ ಉದುರುತ್ತದೆ. ಆ 'ನಾಳೆ' ವಾರ ಬಿಟ್ಟು ಬಂದರೆ ಗಿಡ ಹಸಿರಾಗಬಹುದು, ಕಾಯಿ ಬರುವುದಿಲ್ಲ.

ಇದಕ್ಕೆ ಮೇಲ್ಭಾಗದ ರೈತರನ್ನು ಬೈದು ಸುಮ್ಮನಾಗುವುದು ಸುಲಭ. ನಮ್ಮ ಸಭೆಗಳಲ್ಲೂ ಅದೇ ನಡೆಯುತ್ತದೆ. ಆದರೆ ನಿಜ ಅಷ್ಟು ಸರಳವಿಲ್ಲ. ಯೋಜನೆ ಮಾಡಿದಾಗ ಎಡದಂಡೆಯ ಹೆಚ್ಚಿನ ಭೂಮಿಯನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಎಂದು ಗುರುತಿಸಿದ್ದರು. ಬರದ ಸೀಮೆಯ ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಸಿಗಲಿ ಅನ್ನೋದು ಅದರ ಉದ್ದೇಶ. ಭತ್ತಕ್ಕೆ ಬಿಟ್ಟಿದ್ದ ಜಾಗ ಕಡಿಮೆ. ಆದರೆ ಮೇಲ್ಭಾಗದಲ್ಲಿ ಮೊದಲು ನೀರು ಬಂತು, ಭತ್ತ ಬಂತು, ಭತ್ತದ ಹಿಂದೆ ರೈಸ್ ಮಿಲ್ಲುಗಳು ಬಂದವು, ಸಾಲ ಕೊಡುವವರು ಬಂದರು. ಜೋಳಕ್ಕೆ ಅಂಥ ಮಾರುಕಟ್ಟೆ ಯಾರು ಮಾಡಿಕೊಟ್ಟರು? ಇನ್ನೊಂದು ವಿಷಯ ಕಾಲುವೆ ಕೆಳಗೆ ಒಕ್ಕಲುತನ ಮಾಡಿದವರಿಗೇ ಗೊತ್ತು. ಪಕ್ಕದ ಹೊಲದಲ್ಲಿ ಭತ್ತ ಹಚ್ಚಿದರೆ ಅದರ ಬಸಿ ನೀರು ನಮ್ಮ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಇಳಿಯುತ್ತದೆ. ಹತ್ತಿಯ ಬೇರು ಕೊಳೆಯುತ್ತದೆ. ಎರಡು ವರ್ಷ ನೋಡಿ ಮೂರನೇ ವರ್ಷ ನಾವೂ ಭತ್ತಕ್ಕೇ ಇಳಿಯುತ್ತೇವೆ. ಅಲ್ಲಿಗೆ ಇನ್ನಷ್ಟು ನೀರು ಬೇಕಾಗುತ್ತದೆ, ಕೆಳಗೆ ಇನ್ನಷ್ಟು ಕಡಿಮೆಯಾಗುತ್ತದೆ. ಜಾಸ್ತಿ ನೀರು ಕುಡಿದ ಭೂಮಿ ಬೇರೆ ಹಾಳಾಗುತ್ತಿದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಸವಳು–ಜವಳು (ಉಪ್ಪೇರಿ, ನೀರು ನಿಂತು ಕೆಟ್ಟ ಭೂಮಿ) ಆಗಿದೆ ಎಂಬ ಲೆಕ್ಕ ಇದೆ. ಒಂದೇ ಕಾಲುವೆ. ಮೇಲೆ ನೀರು ಹೆಚ್ಚಾಗಿ ಭೂಮಿ ಕೆಡುತ್ತದೆ, ಕೆಳಗೆ ನೀರಿಲ್ಲದೆ ಬೆಳೆ ಕೆಡುತ್ತದೆ.

ಕಾನೂನು ಇಲ್ಲ ಎಂದಲ್ಲ. ಕಾಲುವೆಗೆ ಅಕ್ರಮವಾಗಿ ಪಂಪ್‌ಸೆಟ್ ಇಟ್ಟು ನೀರೆತ್ತುವವರಿಗೆ ಎರಡು ವರ್ಷದ ತನಕ ಜೈಲು ಎಂದು 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದರು. ನೀರು ಬಿಟ್ಟ ದಿನಗಳಲ್ಲಿ ಕಾಲುವೆ ದಂಡೆಯಲ್ಲಿ ನಿಷೇಧಾಜ್ಞೆಯೂ ಇರುತ್ತದೆ. ಆದರೆ ರಾತ್ರಿ ಹೊತ್ತು ಮೈಲುಗಟ್ಟಲೆ ಕಾಲುವೆ ಕಾಯಬೇಕಾದವರು ಕೈಬೆರಳೆಣಿಕೆಯ ಗ್ಯಾಂಗ್‌ಮನ್‌ಗಳು. ಅವರಲ್ಲಿ ಎಷ್ಟೋ ಜನ ಹಂಗಾಮಿ ಕೆಲಸಗಾರರು, ಸಂಬಳಕ್ಕಾಗಿ ಅವರೇ ಧರಣಿ ಮಾಡುವ ಸ್ಥಿತಿ. ಅವರಿಂದ ದೊಡ್ಡ ಹಿಡುವಳಿದಾರರ ಪೈಪು ಕೀಳಿಸುವುದಾಗುತ್ತದೆಯೇ?

ಡ್ಯಾಮಿನ ಹೂಳಿನ ಮಾತೂ ಇದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105.788 ಟಿಎಂಸಿ. ಹೋದದ್ದು 27 ಟಿಎಂಸಿ. ಎಡದಂಡೆ ಕಾಲುವೆ ಎರಡೂವರೆ ತಿಂಗಳು ತುಂಬಿ ಹರಿಯಲು ಬೇಕಾಗುವಷ್ಟು ನೀರು ಅದು. ಆ ನಷ್ಟ ತುಂಬಿಕೊಳ್ಳಲು ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟುತ್ತೇವೆ ಎಂದು ಒಂದರ ಹಿಂದೆ ಒಂದು ಸರ್ಕಾರ ಹೇಳುತ್ತಾ ಬಂದಿದೆ. ಅದಕ್ಕೆ ಆಂಧ್ರ, ತೆಲಂಗಾಣದ ಒಪ್ಪಿಗೆ ಬೇಕು. ಆಗುವಾಗ ಆಗಲಿ, ನಾವು ಬೇಡ ಅನ್ನುವುದಿಲ್ಲ. ಆದರೆ ಇರುವ ನೀರನ್ನು ಅಳತೆ ಮಾಡಿ ಹಂಚುವುದಕ್ಕೆ ಯಾವ ರಾಜ್ಯದ ಒಪ್ಪಿಗೆಯೂ ಬೇಕಿಲ್ಲ.

ಎರಡನೇ ಬೆಳೆಯ ತೀರ್ಮಾನ ಯಾವಾಗ ಆಗುತ್ತದೆ ಅನ್ನೋದೂ ಅಷ್ಟೇ ಮುಖ್ಯ. 2023ರ ಬರದಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಅದು ಮಳೆಯ ಕೈಯಲ್ಲಿತ್ತು, ಒಪ್ಪುತ್ತೇವೆ. ಆದರೆ 2025ರಲ್ಲಿ ಡ್ಯಾಮನ್ನು 80 ಟಿಎಂಸಿಗೆ ನಿಲ್ಲಿಸುವುದೂ, ಗೇಟು ಬದಲಿಸಬೇಕಾದದ್ದೂ ಮುಂಗಾರಿನಲ್ಲೇ ಗೊತ್ತಿತ್ತು ಅಲ್ವಾ? ಹಾಗಿದ್ದ ಮೇಲೆ ಕಾಲುವೆಗೆ ಮೊದಲ ನೀರು ಬಿಡುವಾಗಲೇ "ಈ ಸಲ ಒಂದೇ ಬೆಳೆ" ಎಂದು ಖಚಿತವಾಗಿ ಹೇಳಬಹುದಿತ್ತು. ಹೇಳಿದ್ದರೆ ಎಷ್ಟೋ ಜನ ಎರಡು ಬೆಳೆ ಲೆಕ್ಕ ಹಾಕಿ ಹೊಲ ಲಾವಣಿಗೆ (ಗುತ್ತಿಗೆಗೆ) ಹಿಡಿಯುತ್ತಿರಲಿಲ್ಲ. ಕೆಲವರು ಕಡಲೆಗೋ ಬಿಳಿಜೋಳಕ್ಕೋ ಹಸಿ ಉಳಿಸಿಕೊಳ್ಳುತ್ತಿದ್ದರು. ಲಾವಣಿ ದುಡ್ಡು ಮುಂಗಡ ಕೊಟ್ಟ ಮೇಲೆ ನೀರಿಲ್ಲ ಎಂದರೆ ಆ ದುಡ್ಡು ಯಾರೂ ವಾಪಸ್ ಕೊಡುವುದಿಲ್ಲ.

ಕಾಲುವೆಗೆ ನೀರು ಬಿಡುವ ತೀರ್ಮಾನ ಮಾಡುವ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಹೊಲ ಇಲ್ಲದವರ ಮಾತು ಆಡುವವರು ಕಡಿಮೆ. ಬೇಸಿಗೆ ಬೆಳೆ ಇಲ್ಲವೆಂದರೆ ನಾಟಿ ಇಲ್ಲ, ಕಳೆ ಕೀಳುವ ಕೆಲಸ ಇಲ್ಲ, ಎಮ್ಮೆಗೆ ಭತ್ತದ ಹುಲ್ಲೂ ಇಲ್ಲ. ನಮ್ಮೂರಲ್ಲಿ ಅಂಥ ವರ್ಷ ಸಂಕ್ರಾಂತಿ ಕಳೆಯುತ್ತಿದ್ದಂತೆ ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ಗುಳೆ ಹೊರಡುತ್ತಾರೆ. ಮಕ್ಕಳನ್ನು ಅಜ್ಜಿ ಹತ್ತಿರ ಬಿಡುತ್ತಾರೆ, ಇಲ್ಲವೇ ಶಾಲೆ ಬಿಡಿಸಿ ಕರೆದುಕೊಂಡು ಹೋಗುತ್ತಾರೆ. ನೀರು ನಿಲ್ಲಿಸುವ ವರ್ಷ ಉದ್ಯೋಗ ಖಾತ್ರಿ ಕೆಲಸಕ್ಕೆ ಹಣ ತೆಗೆದಿಟ್ಟು, ಅದೇ ಕಾಲುವೆಗಳ ಹೂಳು ಎತ್ತಿಸಬಾರದೇ? ಕಾಲುವೆ ಖಾಲಿ ಇರುವುದೂ, ಜನಕ್ಕೆ ಕೆಲಸ ಬೇಕಿರುವುದೂ ಒಂದೇ ಹೊತ್ತಿನಲ್ಲಿ.

ಕುಡಿಯುವ ನೀರಿನ ಕಥೆಯೂ ಇದೇ ಕಾಲುವೆಗೆ ಕಟ್ಟಿದೆ. ರಾಯಚೂರು ಪಟ್ಟಣ ಗಣೇಕಲ್ ಜಲಾಶಯ, ರಾಂಪುರ ಕೆರೆಯ ಕಡೆ ನೋಡುತ್ತದೆ. ನಮ್ಮ ಹಳ್ಳಿಗಳ ಕೆರೆ ತುಂಬುವುದೂ ಕಾಲುವೆ ನೀರಿನಿಂದಲೇ. ಬೋರ್‌ವೆಲ್ ನೀರು ಕುಡಿಯೋಣ ಎಂದರೆ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಫ್ಲೋರೈಡ್. ಆದ್ದರಿಂದ ಕೊನೆ ಭಾಗಕ್ಕೆ ನೀರು ಮುಟ್ಟದಿದ್ದರೆ ಒಣಗುವುದು ಬೆಳೆ ಮಾತ್ರ ಅಲ್ಲ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ನೀರು ಹರಿಯುವ ಪ್ರತಿದಿನ 47, 69, 104ನೇ ಮೈಲಿನ ಗೇಜ್ ಮತ್ತು ಪ್ರತಿ ವಿತರಣಾ ಕಾಲುವೆಯ ತಲೆ ಹಾಗೂ ಕೊನೆಯ ಗೇಜ್ ಬರೆದು ಪಂಚಾಯಿತಿ ಬೋರ್ಡಿಗೆ ಹಾಕಲಿ, ಮೊಬೈಲಿನಲ್ಲೂ ಸಿಗುವಂತೆ ಮಾಡಲಿ. ನೀರಿನ ಸರದಿ ಹಾಕುವಾಗ ಕೊನೆ ಭಾಗದಿಂದ ಶುರು ಮಾಡಲಿ. ಗೇಜ್ ಬರೆಯುವಾಗ ನೀರು ಬಳಕೆದಾರರ ಸಂಘದ ಒಬ್ಬರು, ಮೇಲಿನವರೊಬ್ಬರು, ಕೆಳಗಿನವರೊಬ್ಬರು ಜೊತೆಗಿರಲಿ. ಲೆಕ್ಕ ಕಣ್ಣೆದುರಿಗೆ ಇದ್ದರೆ ನಾವು ನಾವೇ ಜಗಳವಾಡುವುದು ಅರ್ಧ ಕಡಿಮೆಯಾಗುತ್ತದೆ. ಎರಡನೇ ಬೆಳೆಗೆ ಎಷ್ಟು ನೀರಿದ್ದರೆ ಕೊಡುತ್ತಾರೆ, ಎಷ್ಟಕ್ಕಿಂತ ಇಳಿದರೆ ಇಲ್ಲ ಅನ್ನೋದನ್ನು ಮುಂಗಾರಿನ ಮೊದಲ ಸಭೆಯಲ್ಲೇ ಹೇಳಿಬಿಡಲಿ.

ನಿಮ್ಮಲ್ಲೂ ಒಂದು ಮನವಿ. ಮಳೆಗಾಲದಲ್ಲಿ ಪತ್ರಿಕೆಗಳು ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ದಿನಾಲೂ ಕೊಡುತ್ತವೆ. ನಾವೂ ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತೇವೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಎಡದಂಡೆ ಕಾಲುವೆ, 104ನೇ ಮೈಲು, ಇವತ್ತಿನ ಗೇಜ್ ಇಷ್ಟು. ಅಧಿಕಾರಿಗಳು ಕೊಡದಿದ್ದರೆ 'ಮಾಹಿತಿ ಇಲ್ಲ' ಎಂದೇ ಹಾಕಿ.

ಇಂತಿ,
ಒಬ್ಬ ರೈತ
ಸಿರವಾರ ತಾಲ್ಲೂಕು, ರಾಯಚೂರು ಜಿಲ್ಲೆ