ಅಕ್ವೇರಿಯಂ ಸ್ಪಂಜಿಗೂ ಊಟ ಬೇಕು

ಮಾನ್ಯ ಸಂಪಾದಕರೇ,

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವುದರ ಬಗ್ಗೆ ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮೀನು ಮತ್ತು ಹವಳಗಳ ವಿಚಾರದಲ್ಲಿ ಅದರಲ್ಲಿ ತಕರಾರು ತೆಗೆಯುವಂಥದ್ದೇನೂ ಇಲ್ಲ. ಆದರೆ ಕೆಂಪು, ಕಿತ್ತಳೆ, ಹಳದಿ ಬಣ್ಣದ ಸ್ಪಂಜುಗಳು (ಒಂದೆಡೆ ಅಂಟಿಕೊಂಡು ಬದುಕುವ ಸಮುದ್ರಪ್ರಾಣಿಗಳು) ಆರೈಕೆಯನ್ನೇ ಬೇಡದೆ ತೊಟ್ಟಿಗೆ ಸೊಬಗು ತರುತ್ತವೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿರುವುದನ್ನು ಒಪ್ಪಲಾರೆ. ಅಂಥದೇ ಮಾತನ್ನು ನಂಬಿ ಸ್ಪಂಜೊಂದನ್ನು ಕೊಂದವನು ನಾನು.

ಕೆಲವು ವರ್ಷಗಳ ಹಿಂದೆ, ಬೆರಳುಗಳಂತೆ ಕವಲೊಡೆದ ಕಿತ್ತಳೆ ಬಣ್ಣದ ಸ್ಪಂಜನ್ನು ತಂದು, ಎಲ್ಲರಿಗೂ ಕಾಣಲೆಂದು ದೀಪದ ನೇರ ಕೆಳಗೇ ಕೂರಿಸಿದ್ದೆ. ಮಾರಿದವರು ಇದಕ್ಕೆ ಆಹಾರವೇ ಬೇಡ ಎಂದಿದ್ದರು. ಎರಡು ತಿಂಗಳು ಅದು ತಂದ ದಿನ ಹೇಗಿತ್ತೋ ಹಾಗೆಯೇ ಇತ್ತು. ಮೂರನೆಯ ತಿಂಗಳಲ್ಲಿ ತುದಿಗಳಲ್ಲಿ ಬಿಳಿಯ ಪೊರೆ ಕಾಣಿಸಿಕೊಂಡಿತು; ನಾಲ್ಕನೆಯದರಲ್ಲಿ ಮುಟ್ಟಿದರೆ ನೆನೆದ ಕಾಗದದಂತೆ ಕಳಚಿ ಬರುತ್ತಿತ್ತು. ಅಷ್ಟರಲ್ಲಿ ನೀರಿನಲ್ಲಿ ಅಮೋನಿಯಾ ಏರಿ ಎರಡು ಸಿಗಡಿಗಳೂ ಸತ್ತಿದ್ದವು.

ಸ್ಪಂಜಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ನರಗಳೂ ಇಲ್ಲ. ಮೈತುಂಬ ಇರುವ ಸಣ್ಣ ರಂಧ್ರಗಳ ಮೂಲಕ ನೀರನ್ನು ಒಳಗೆಳೆದುಕೊಂಡು, ಒಳಗಿನ ಕೋಶಗಳ ಚಾಟಿಯಂಥ ಎಳೆಗಳ ಬಡಿತದಿಂದ ಅದನ್ನು ಸಾಗಿಸಿ, ಬ್ಯಾಕ್ಟೀರಿಯಾ ಹಾಗೂ ಅಷ್ಟೇ ಸೂಕ್ಷ್ಮವಾದ ಕಣಗಳನ್ನು ಸೋಸಿ ಹಿಡಿದು, ಉಳಿದ ನೀರನ್ನು ದೊಡ್ಡ ರಂಧ್ರಗಳಿಂದ ಹೊರಬಿಡುವುದೇ ಅದರ ಬದುಕು. ಒಂದು ಕಿಲೋ ತೂಕದ ಸ್ಪಂಜು ದಿನಕ್ಕೆ ಸಾವಿರಾರು ಲೀಟರ್ ನೀರನ್ನು ಸೋಸಬಲ್ಲದು. ಹಾಗಿರುವಾಗ ಇನ್ನೂರು ಲೀಟರಿನ ತೊಟ್ಟಿಯಲ್ಲಿ ಅದಕ್ಕೆ ಸಿಗುವುದೇನು? ಪ್ರೋಟೀನ್ ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ), ಇದ್ದಿಲು, ಹತ್ತಿಯ ಸೋಸುಪದರಗಳನ್ನೆಲ್ಲ ಹಾಕಿ ನಾವು ಹೆಮ್ಮೆಯಿಂದ ಕಾಪಾಡಿಕೊಳ್ಳುವ ಆ ತಿಳಿನೀರು ಅದರ ಪಾಲಿಗೆ ಬರಿದಾದ ತಟ್ಟೆ. ಮೀನಿಗೆ ಹಾಕುವ ಕಾಳುಗಳೂ ಅದಕ್ಕೆ ಉಪಯೋಗವಿಲ್ಲ, ಏಕೆಂದರೆ ಅವು ಆ ರಂಧ್ರಗಳಿಗೆ ತೀರಾ ದಪ್ಪ.

ಈ ಹಸಿವು ನಮ್ಮ ಕಣ್ಣಿಗೆ ಬೀಳದಿರುವುದೇ ದೊಡ್ಡ ತೊಡಕು. ಮೀನು ಉಪವಾಸ ಬಿದ್ದರೆ ಹೊಟ್ಟೆ ಒಳಕ್ಕೆ ಹೋಗುತ್ತದೆ, ಹವಳವಾದರೆ ಮುದುಡಿಕೊಳ್ಳುತ್ತದೆ. ಸ್ಪಂಜಿನಲ್ಲಿ ಮಾತ್ರ ಒಳಗಿನ ಜೀವಕೋಶಗಳು ಸೊರಗುತ್ತಿದ್ದರೂ ನಾರು ಮತ್ತು ಮುಳ್ಳುಗಳ ಚೌಕಟ್ಟು ಆಕಾರವನ್ನು ಹಿಡಿದಿಟ್ಟಿರುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿದೆ ಎಂದು ಹೇಳುವವರಲ್ಲಿ ಎಷ್ಟು ಮಂದಿ ಬರಿಯ ಚೌಕಟ್ಟನ್ನು ನೋಡಿ ಹಾಗೆನ್ನುತ್ತಿದ್ದಾರೋ ಎಂಬ ಅನುಮಾನ ನನ್ನದು.

ಸ್ಪಂಜು ಗಟ್ಟಿಜೀವ ಎನ್ನುವವರು ಕೊಡುವ ಉದಾಹರಣೆಯೊಂದಿದೆ. 1907ರಲ್ಲಿ ಎಚ್. ವಿ. ವಿಲ್ಸನ್ ಎಂಬ ವಿಜ್ಞಾನಿ ಸ್ಪಂಜನ್ನು ನವಿರಾದ ರೇಷ್ಮೆ ಬಟ್ಟೆಯ ಮೂಲಕ ಹಿಂಡಿದಾಗ ಬಿಡಿಬಿಡಿಯಾದ ಕೋಶಗಳು ಮತ್ತೆ ಒಂದುಗೂಡಿ ಹೊಸ ಸ್ಪಂಜಾಗಿ ಬೆಳೆದವು. ಇದು ನಿಜ. ಆದರೆ ತುಂಡಾದರೂ ಕೂಡಿಕೊಳ್ಳುವ ಶಕ್ತಿಯೇ ಬೇರೆ, ಊಟವಿಲ್ಲದೆ ಬದುಕುವ ಶಕ್ತಿಯೇ ಬೇರೆ.

ಎಲ್ಲ ಸ್ಪಂಜುಗಳೂ ಒಂದೇ ಬಗೆಯವಲ್ಲ ಎಂಬುದನ್ನೂ ಹೇಳಬೇಕು. ಕೊಲೊಸ್ಪಾಂಜಿಯಾದಂಥ ಕೆಲವು ನೀಲಿ ಛಾಯೆಯ ಸ್ಪಂಜುಗಳ ಮೈಯಲ್ಲಿ ಬೆಳಕಿನಿಂದ ಆಹಾರ ತಯಾರಿಸುವ ಸಯನೋಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಅವುಗಳಿಗೆ ಬೆಳಕು ಬೇಕು, ಮನೆಯ ತೊಟ್ಟಿಯಲ್ಲಿ ಬಾಳುವ ಸಾಧ್ಯತೆಯೂ ಅವುಗಳಿಗೇ ಹೆಚ್ಚು. ಅಂಗಡಿಯಲ್ಲಿ ಕಣ್ಣು ಸೆಳೆಯುವ ಕೆಂಪು, ಕಿತ್ತಳೆಯವುಗಳಲ್ಲಿ ಹೆಚ್ಚಿನವಕ್ಕೆ ಆ ಆಸರೆಯಿಲ್ಲ. ಅವುಗಳನ್ನು ದೀಪದ ಕೆಳಗಿಟ್ಟರೆ ಮೈಮೇಲೆ ಪಾಚಿ ಕಟ್ಟಿ ರಂಧ್ರಗಳೇ ಮುಚ್ಚಿಹೋಗುತ್ತವೆ. ಕಲ್ಲಿನ ಚಾಚಿನ ಕೆಳಗೆ, ನೆರಳಿನಲ್ಲಿ, ಹೂಳು ಕೂರದಷ್ಟು ನೀರಿನ ಹರಿವಿರುವ ಕಡೆ ಅವುಗಳ ಜಾಗ. ತರುವಾಗಲೂ ನೀರಿನಿಂದ ಹೊರಗೆ ತೆಗೆಯಬಾರದು. ಇಳಿತದ ವೇಳೆ ಗಾಳಿಗೆ ಒಡ್ಡಿಕೊಳ್ಳುವ ಜಾತಿಗಳು ಸಮುದ್ರತೀರದಲ್ಲಿ ಉಂಟಾದರೂ, ಮಾರಾಟಕ್ಕೆ ಬರುವ ಹಲವು ಸ್ಪಂಜುಗಳ ಒಳನಾಳಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಆ ಭಾಗ ಕೊಳೆಯತೊಡಗುತ್ತದೆ. ಸ್ಪಂಜನ್ನೇ ಕಿತ್ತು ತಿನ್ನುವ ಏಂಜೆಲ್ ಮೀನುಗಳಿರುವ ತೊಟ್ಟಿಯಂತೂ ಸಲ್ಲದು.

ಇನ್ನೊಂದು ಇಕ್ಕಟ್ಟು ಸಿಲಿಕೇಟ್ ಎಂಬ ಖನಿಜಾಂಶದ್ದು. ಹೆಚ್ಚಿನ ಸ್ಪಂಜುಗಳು ತಮ್ಮ ಮೈಯ ಮುಳ್ಳುಗಳನ್ನು ಕಟ್ಟಿಕೊಳ್ಳುವುದು ನೀರಿನಲ್ಲಿ ಕರಗಿದ ಸಿಲಿಕೇಟಿನಿಂದ. ಗಾಜಿನ ಮೇಲೆ ಕಂದು ಪದರ ಹರಡುವ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳಿಗೂ ಅದೇ ಬೇಕಾದ್ದರಿಂದ ಹವ್ಯಾಸಿಗಳು ಅದನ್ನು ನೀರಿನಿಂದ ತೆಗೆದುಹಾಕಲು ಒದ್ದಾಡುತ್ತಾರೆ. ಸ್ಪಂಜನ್ನು ಸಾಕುವೆನೆನ್ನುವವರು ಗಾಜನ್ನು ತುಸು ಹೆಚ್ಚು ಬಾರಿ ಉಜ್ಜಲು ಸಿದ್ಧರಿರಬೇಕಾಗುತ್ತದೆ.

ಸ್ಪಂಜನ್ನು ಯಾರೂ ಸಾಕಬಾರದೆಂಬುದು ನನ್ನ ವಾದವಲ್ಲ. ಹವಳದ ದಿಬ್ಬಗಳಲ್ಲಿ ಸ್ಪಂಜುಗಳು ನೀರಿನಲ್ಲಿ ಕರಗಿದ ಸಾವಯವ ವಸ್ತುವನ್ನು ಹೀರಿ, ಉದುರುವ ಕೋಶಗಳ ರೂಪದಲ್ಲಿ ಅದನ್ನು ಇತರ ಜೀವಿಗಳಿಗೆ ಆಹಾರವಾಗಿ ಹಿಂದಿರುಗಿಸುತ್ತವೆ ಎಂದು 2013ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಇಂಥ ಜೀವಿ ತೊಟ್ಟಿಯಲ್ಲಿದ್ದರೆ ಒಳ್ಳೆಯದೇ. ಮಾರುವವರು ಅದು ಯಾವ ಬಗೆಯದು, ಬೆಳಕಿನಿಂದ ಬದುಕುತ್ತದೆಯೋ ಸೋಸಿ ತಿನ್ನುತ್ತದೆಯೋ ಎಂಬಷ್ಟನ್ನಾದರೂ ತಿಳಿಸಿ ಕೊಡಲಿ; ತಮ್ಮ ಪುರವಣಿಯೂ ಆ ಒಂದು ಸಾಲನ್ನು ತಿದ್ದಿ ಪ್ರಕಟಿಸಲಿ ಎಂದು ವಿನಂತಿ.

ಹೊಸದಾಗಿ ತೊಟ್ಟಿ ಇಟ್ಟವರಿಗೆ ಬೇರೆ ದಾರಿಯೂ ಉಂಟು. ಜೀವಿಗಳು ನೆಲೆಸಿರುವ ಸಮುದ್ರದ ಕಲ್ಲಾದ ಲೈವ್ ರಾಕ್‌ನೊಂದಿಗೆ ಬಂದ ಸ್ಪಂಜುಗಳು, ಅದರಲ್ಲೂ ಸೈಕಾನ್ ಎಂಬ ಪುಟ್ಟ ಬಿಳಿ ಹೂಜಿಯಂಥವು, ಕಲ್ಲಿನ ಅಡಿಯಲ್ಲಿ, ಸಂಪಿನ (ಅಕ್ವೇರಿಯಂಗೆ ಜೋಡಿಸಿದ, ಸೋಸುವ ಸಾಧನಗಳಿರುವ ಕೆಳತೊಟ್ಟಿಯ) ಕತ್ತಲೆಯ ಮೂಲೆಗಳಲ್ಲಿ ತಾವಾಗಿಯೇ ಹಬ್ಬುತ್ತವೆ. ತಮಗೆ ಊಟ ಸಿಗುವ ಜಾಗದಲ್ಲೇ ಅವು ಬೆಳೆದಿರುವುದರಿಂದ ನಾವು ಮಾಡಬೇಕಾದದ್ದು ಹೆಚ್ಚೇನಿಲ್ಲ, ಕೊಳೆ ಎಂದು ತಿಳಿದು ಕೆರೆದು ಬಿಸಾಡದಿದ್ದರೆ ಸಾಕು.

ಇಂತಿ,
ಒಬ್ಬ ಅಕ್ವೇರಿಯಂ ಹವ್ಯಾಸಿ